ಒಂದು ಪ್ರೋಟೀನು ಮಿತಿಮೀರಿದಾಗ

ನಮ್ಮ ಜೀವಕೋಶಗಳು ತಮ್ಮಷ್ಟಕ್ಕೆ ತಾವೇ ಬೆಳೆಯುವುದಿಲ್ಲ. ಯಾವಾಗ ಇಬ್ಭಾಗವಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸಂದೇಶ ಅವುಗಳಿಗೆ ಹೊರಗಿನಿಂದ ಬರಬೇಕು. ಈ ಸಂದೇಶವನ್ನು ಹಿಡಿದು ಒಳಕ್ಕೆ ಸಾಗಿಸಲು ಕೋಶದ ಹೊರಪೊರೆಯಲ್ಲಿ ಕೆಲವು ಪ್ರೋಟೀನುಗಳಿವೆ. ಇವೇ ಗ್ರಾಹಕಗಳು. 'ಹರ್-2' ಅಂತಹ ಒಂದು ಗ್ರಾಹಕ.

ಇದು ಇದ್ದ ಮಾತ್ರಕ್ಕೆ ರೋಗವಲ್ಲ. ಆರೋಗ್ಯವಂತರ ಸ್ತನದ ಕೋಶಗಳಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿರುತ್ತದೆ. ಇದನ್ನು ತಯಾರಿಸುವ ಜೀನು 17ನೆಯ ವರ್ಣತಂತುವಿನಲ್ಲಿದೆ. ಸಾಮಾನ್ಯ ಕೋಶದಲ್ಲಿ ಈ ಜೀನಿನ ಪ್ರತಿಗಳು ಎರಡು: ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ. ಕೆಲವು ಗಂತಿಗಳ ಕೋಶಗಳಲ್ಲಿ ಮಾತ್ರ ಈ ಪ್ರತಿಗಳು ಹತ್ತು, ಇಪ್ಪತ್ತರಷ್ಟಾಗುತ್ತವೆ. ಜೀನು ಹೆಚ್ಚಿದಂತೆ ಪ್ರೋಟೀನೂ ಹೆಚ್ಚುತ್ತದೆ. ಪೊರೆಯಲ್ಲಿ ಕಿಕ್ಕಿರಿದ ಗ್ರಾಹಕಗಳು ಒಂದಕ್ಕೊಂದು ಜೋಡಿಯಾಗಿ, ಹೊರಗಿನ ಸಂದೇಶಕ್ಕೆ ಕಾಯದೆ 'ಬೆಳೆ, ಬೆಳೆ' ಎಂದು ಆಜ್ಞೆ ಕೊಡುತ್ತಲೇ ಇರುತ್ತವೆ.

ಇದರ ಮಹತ್ವ ತಿಳಿದದ್ದು ಹೇಗೆ? 1987ರಲ್ಲಿ ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನ ಗಂತಿಗಳನ್ನು ಪರೀಕ್ಷಿಸಿದರು. ಸುಮಾರು ಶೇಕಡಾ 30ರಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಿದ್ದವು. ಅಂತಹ ರೋಗಿಗಳಲ್ಲಿ ಕ್ಯಾನ್ಸರ್ ಬೇಗ ಮರುಕಳಿಸುತ್ತಿತ್ತು. 1989ರಲ್ಲಿ ಅದೇ ತಂಡ ಅಂಡಾಶಯದ ಕ್ಯಾನ್ಸರಿನಲ್ಲೂ ಇದನ್ನು ಗುರುತಿಸಿತು. ಇಂದಿನ ಅಂದಾಜಿನಂತೆ ಸ್ತನ ಕ್ಯಾನ್ಸರುಗಳಲ್ಲಿ ಶೇಕಡಾ 15ರಿಂದ 20ರಷ್ಟು ಈ ಬಗೆಯವು.

ಇಲ್ಲೊಂದು ಸಂದೇಹ ಬರಬಹುದು. ಈ ದೋಷ ತಾಯಿಯಿಂದ ಮಗಳಿಗೆ ಬರುತ್ತದೆಯೇ? ಇಲ್ಲ. ಜೀನಿನ ಈ ಹೆಚ್ಚಳ ಗಂತಿಯ ಕೋಶಗಳಲ್ಲಿಯೇ ಹುಟ್ಟುವಂಥದು. ಕೆಲವು ಮನೆತನಗಳಲ್ಲಿ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಕಾಣಿಸುವುದಕ್ಕೆ ಮುಖ್ಯ ಕಾರಣ ಬೇರೆ ಜೀನುಗಳು: ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2. ಅಲ್ಲಿ ತೊಂದರೆ ಪ್ರೋಟೀನು ಹೆಚ್ಚಾದದ್ದಲ್ಲ. ಹಾಳಾದ ಡಿ.ಎನ್.ಎ.ಯನ್ನು ದುರಸ್ತಿ ಮಾಡುವ ಪ್ರೋಟೀನು ಕೆಟ್ಟುಹೋದದ್ದು.

ಮಿತಿಮೀರಿದ ಪ್ರೋಟೀನು ವೈದ್ಯರಿಗೆ ಗುರಿಯೂ ಆಯಿತು. ಹರ್-2ಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವ 'ಟ್ರಾಸ್ಟುಜುಮಾಬ್' ಎಂಬ ಪ್ರತಿಕಾಯ 1998ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಶಸ್ತ್ರಚಿಕಿತ್ಸೆಯ ನಂತರ ಇತರ ಔಷಧಗಳೊಡನೆ ಇದನ್ನು ಕೊಟ್ಟಾಗ ರೋಗ ಮರುಕಳಿಸುವ ಸಂಭವ ಸುಮಾರು ಅರ್ಧಕ್ಕೆ ಇಳಿಯಿತೆಂದು 2005ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆದರೆ ಇದು ಕೆಲವರ ಹೃದಯವನ್ನು ದುರ್ಬಲಗೊಳಿಸಬಹುದು. ಆದ್ದರಿಂದ ಚಿಕಿತ್ಸೆಯುದ್ದಕ್ಕೂ ಹೃದಯದ ತಪಾಸಣೆ ನಡೆಯಬೇಕು. ಬೆಲೆಯೂ ಬಹಳ ದುಬಾರಿಯಾಗಿತ್ತು. ಬೆಂಗಳೂರಿನ ಬಯೋಕಾನ್ ಇದಕ್ಕೆ ಸಮಾನವಾದ ಔಷಧವನ್ನು ತಯಾರಿಸಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಹಾಗಾದರೆ ಅಂಡಾಶಯದ ಕ್ಯಾನ್ಸರಿಗೂ ಇದೇ ಮದ್ದು ಸಾಕಲ್ಲವೇ? ಸಾಲದು. ಅಲ್ಲಿ ಹರ್-2 ಹೆಚ್ಚಾಗಿರುವವರೇ ಕಡಿಮೆ. ಅಂಥವರಲ್ಲಿಯೂ ಈ ಪ್ರತಿಕಾಯವೊಂದೇ ಹೆಚ್ಚು ಫಲ ಕೊಡಲಿಲ್ಲ. ಪ್ರೋಟೀನು ಒಂದೇ ಆದರೂ ಅಂಗ ಬದಲಾದರೆ ರೋಗದ ನಡೆ ಬದಲಾಗುತ್ತದೆ. ಮುಂದೆ ವಿಜ್ಞಾನಿಗಳು ಅದೇ ಪ್ರತಿಕಾಯಕ್ಕೆ ಕೋಶನಾಶಕ ಔಷಧವನ್ನು ಕಟ್ಟಿ ಕಳಿಸುವ ಉಪಾಯ ಕಂಡುಕೊಂಡರು. ಹರ್-2 ಅತಿಯಾಗಿರುವ ಹಲವು ಅಂಗಗಳ ಮುಂದುವರಿದ ಕ್ಯಾನ್ಸರಿಗೆ ಇಂತಹದೊಂದು ಔಷಧಕ್ಕೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಇದಕ್ಕೆಲ್ಲ ಆಧಾರ ಒಂದು ಪರೀಕ್ಷೆ. ಗಂತಿಯ ತೆಳುವಾದ ತುಣುಕಿಗೆ ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ಪ್ರೋಟೀನಿನ ಪ್ರಮಾಣಕ್ಕೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. 3 ಬಂದರೆ ಹರ್-2 ಮಿತಿಮೀರಿದೆ ಎಂದರ್ಥ. 2 ಬಂದರೆ ಅನುಮಾನ. ಆಗ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. ಈ ಪರೀಕ್ಷೆ ಆಗದಿದ್ದರೆ ಸರಿಯಾದ ಔಷಧ ಇದ್ದೂ ರೋಗಿಗೆ ತಲುಪದು.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಾಲಯದ ವಿದ್ಯೆ ಎಷ್ಟೇ ಮುಂದುವರಿದರೂ ಅದರ ಮೊದಲ ಮೆಟ್ಟಿಲು ಮನೆಯಲ್ಲಿಯೇ ಇದೆ. ತಾಯಿಯೋ ಅಕ್ಕನೋ ಸ್ತನದಲ್ಲಿ ಗಂಟು ಕಂಡಿತೆಂದರೆ, ನೋವಿಲ್ಲವೆಂದು ಬಿಡದೆ, ನಾಚಿಕೆಯಿಂದ ಮುಚ್ಚಿಡಲು ಬಿಡದೆ, ವೈದ್ಯರ ಬಳಿಗೆ ಕರೆದೊಯ್ಯಿರಿ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೆ, ಬೇಗ ತಿಳಿದಷ್ಟೂ ಗುಣವಾಗುವ ಅವಕಾಶ ಹೆಚ್ಚು.