ಮಗನ ಕಾರು, ನಮ್ಮ ಲೈಸೆನ್ಸು

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಮೈಸೂರಿನ ಲೈಸೆನ್ಸಿನಲ್ಲಿ ಅವನ ಕಾರು ಓಡಿಸಬಹುದೇ?

ಉತ್ತರ: ಖಂಡಿತ ಓಡಿಸಬಹುದು. ಪ್ರವಾಸಿಗರಿಗೆ ತಮ್ಮ ದೇಶದ ಚಾಲ್ತಿ ಲೈಸೆನ್ಸು ಸಾಕೆನ್ನುತ್ತದೆ ಕ್ಯಾಲಿಫೋರ್ನಿಯಾ. ಆದರೆ ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಗಡಿ ದಾಟುವ ಯೋಚನೆಯಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಿ. ನಿಮ್ಮ ಲೈಸೆನ್ಸು ಕೆಎ-09ರದಾದರೆ ಮೈಸೂರು ಪಶ್ಚಿಮ ಆರ್‌ಟಿಒ, ಕೆಎ-55ರದಾದರೆ ಪೂರ್ವ. ನಮೂನೆ 4ಎ ತುಂಬಿ, ಪಾಸ್‌ಪೋರ್ಟ್, ಲೈಸೆನ್ಸಿನ ಪ್ರತಿಗಳನ್ನೂ ಫೋಟೋವನ್ನೂ ಕೊಡಬೇಕು. ಶುಲ್ಕ 1,000 ರೂಪಾಯಿ.

ಈ ಪುಟ್ಟ ಪುಸ್ತಿಕೆ ನಿಮ್ಮ ಲೈಸೆನ್ಸಿನ ವಿವರವನ್ನು ಬೇರೆ ಭಾಷೆಗಳಲ್ಲಿ ಹೇಳುತ್ತದೆ, ಅಷ್ಟೆ. ಮೂಲ ಲೈಸೆನ್ಸು ಜೊತೆಯಲ್ಲಿಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ. ಅವಧಿ ಒಂದೇ ವರ್ಷ. ಅದಕ್ಕೂ ಮೊದಲೇ ಲೈಸೆನ್ಸು ಮುಗಿದರೆ ಇದೂ ಮುಗಿಯಿತು. ಅರವತ್ತು ದಾಟಿದವರು ಲೈಸೆನ್ಸಿನ ಕೊನೆಯ ತಾರೀಖನ್ನು ಇವತ್ತೇ ನೋಡಿಕೊಳ್ಳಿ.

ಮಕ್ಕಳು ದುಬೈಯಲ್ಲಿದ್ದರೆ ಲೆಕ್ಕವೇ ಬೇರೆ. ಭೇಟಿ ವೀಸಾದಲ್ಲಿ ಹೋದವರಿಗೆ ಈ ಪರವಾನಗಿ ನಡೆಯುತ್ತದೆ. ವಾಸದ ವೀಸಾ ಬಂತೆಂದರೆ ಅಲ್ಲಿನದೇ ಲೈಸೆನ್ಸು ಬೇಕು.

ಇನ್ನೊಂದು ಮಾತು: ಕಾರಿನ ವಿಮೆ ನಿಮ್ಮ ಚಾಲನೆಗೂ ಅನ್ವಯಿಸುತ್ತದೆಯೇ ಎಂದು ಮಗ ಕಂಪನಿಯಿಂದ ಬರಹದಲ್ಲಿ ಪಡೆಯಲಿ. ಅದು ಬರುವವರೆಗೆ ಪಕ್ಕದ ಸೀಟಿನಲ್ಲಿ ಕುಳಿತು ಬಲಬದಿಯ ಓಡಾಟ ರೂಢಿಸಿಕೊಳ್ಳಿ.