ಹೊಸ ಮನೆಯ ಘಾಟು ಬಂದ ದಾರಿ

ಹೊಸ ವಾರ್ಡ್‌ರೋಬಿನ ಬಾಗಿಲು ತೆರೆದಾಗ ಮೂಗಿಗೆ ಹತ್ತಿ ಕಣ್ಣು ಉರಿಸುವ ಘಾಟು ಮರದ್ದಲ್ಲ, ಅಂಟಿನದು. ಮರದ ಪುಡಿ, ಚಕ್ಕೆ, ತೆಳು ಪದರಗಳನ್ನು ಒತ್ತಿ ಹಲಗೆ ಮಾಡಲು ಹೆಚ್ಚಾಗಿ ಬಳಸುವುದು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಗದ್ದೆಗೆ ಹಾಕುವ ಯೂರಿಯಾವೇ ಇದರ ಒಂದು ಪಾಲು. ಇನ್ನೊಂದು ಫಾರ್ಮಾಲ್ಡಿಹೈಡ್ ಅನಿಲ. ಬಿಸಿ, ತೇವ ತಾಗಿದಾಗ ಈ ಬೆಸುಗೆ ಸ್ವಲ್ಪಸ್ವಲ್ಪವೇ ಬಿಟ್ಟು ಅನಿಲ ಹೊರಬರುತ್ತದೆ. ಮೊದಲ ತಿಂಗಳುಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಪೂರ್ತಿ ನಿಲ್ಲಲು ವರ್ಷಗಳೇ ಬೇಕು.

ಪಾರ್ಟಿಕಲ್ ಬೋರ್ಡ್ ಹುಟ್ಟಿದ್ದು ಮರದ ಕೊರತೆಯಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿ ಗರಗಸದ ಪುಡಿಯನ್ನೂ ಬಿಸಾಡದೆ ಹಲಗೆ ಮಾಡಲು ಕಲಿಯಿತು. ಅಮೆರಿಕದಲ್ಲಿ 1960ರ ದಶಕದಲ್ಲಿ ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆ ಬಂತು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಶಾಖ ಉಳಿಸಲು ಮನೆಗಳ ಬಿರುಕುಗಳನ್ನೆಲ್ಲ ಮುಚ್ಚಿದಾಗ ಅನಿಲ ಒಳಗೇ ಉಳಿದು ಮನೆಯವರಿಗೆ ಕಣ್ಣುರಿ, ಕೆಮ್ಮು ಶುರುವಾಯಿತು. 1977ರಲ್ಲಿ ಜರ್ಮನಿಯ ಆರೋಗ್ಯ ಇಲಾಖೆ ಮನೆಯೊಳಗಿನ ಗಾಳಿಗೆ ಹತ್ತು ಲಕ್ಷದಲ್ಲಿ 0.1 ಭಾಗ ಫಾರ್ಮಾಲ್ಡಿಹೈಡಿನ ಮಿತಿ ಹೇಳಿತು. ಹಲಗೆಗಳ ಮೇಲೆ ಇಂದು ಕಾಣುವ, ಕಡಿಮೆ ಅನಿಲ ಬಿಡುವುದನ್ನು ಸೂಚಿಸುವ ‘ಇ-1’ ದರ್ಜೆಯ ಬೇರು ಅಲ್ಲಿದೆ.

ಅಂಟು ಹಾಕಿ ಹಲಗೆ ಮಾಡುವ ಈ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನಾ ಸಂಸ್ಥೆ 1962ರಲ್ಲೇ ಇಲ್ಲಿ ಹುಟ್ಟಿ, ತುಮಕೂರು ರಸ್ತೆಯಲ್ಲಿ ನೆಲೆ ನಿಂತಿತು. ಆದರೂ ಬಾಗಿಲು, ಕಿಟಕಿ, ಮಂಚಕ್ಕೆ ತೇಗ, ಹೊನ್ನೆ, ಮತ್ತಿ, ಹಲಸು ಬಹುಕಾಲ ನಡೆದವು. ತಿರುವು ಬಂದದ್ದು 1996ರ ಡಿಸೆಂಬರ್ 12ರಂದು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನುಮೋದಿತ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯುವುದನ್ನು ದೇಶದಾದ್ಯಂತ ತಡೆಯಿತು. ಉದ್ಯಮ ತೋಟದ ಮರದತ್ತ ತಿರುಗಿತು: ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಕೇರಳದ ರಬ್ಬರ್, ಹರಿಯಾಣದ ಯಮುನಾನಗರದ ಪಾಪ್ಲರ್, ಎಲ್ಲೆಡೆಯ ನೀಲಗಿರಿ. ಬೇಗ ಬೆಳೆಯುವ ಸಣ್ಣ ದಿಮ್ಮಿಯಿಂದ ಅಗಲವಾದ ಹಲಗೆ ಬೇಕಾದರೆ ಅಂಟು ಬೇಕೇ ಬೇಕು. ಆ ಆದೇಶ ಕಾಡಿಗೆ ಅತ್ಯಗತ್ಯವಾಗಿತ್ತು. ಅಂಟಿನ ಗಾಳಿಯ ಪ್ರಶ್ನೆಯನ್ನು ಅದರ ಜೊತೆಜೊತೆಗೇ ಕೇಳಬೇಕಿತ್ತು; ಕೊಳ್ಳುವವರ ನಡುವೆ ಅದು ಇಂದಿಗೂ ಅಷ್ಟಾಗಿ ಕೇಳಿಬರುವುದಿಲ್ಲ.

ಅದೇ ಕಾಲದಲ್ಲಿ ದಕ್ಷಿಣ ಬೆಂಗಳೂರು ಮೇಲಕ್ಕೆ ಬೆಳೆಯಿತು. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯ ಸುತ್ತ ಬಹುಮಹಡಿ ಕಟ್ಟಡಗಳು ಎದ್ದವು. ಮಾಡ್ಯುಲರ್ ಕಿಚನ್, ಗೋಡೆಯುದ್ದದ ವಾರ್ಡ್‌ರೋಬ್, ಟಿವಿ ಯೂನಿಟ್, ಮಕ್ಕಳ ಮೇಜು ಎಲ್ಲವೂ ಒಟ್ಟಿಗೇ ಬಂದು ಕೂರುವ ಫ್ಲ್ಯಾಟಿನಲ್ಲಿ ಗಾಳಿಯ ಪ್ರಮಾಣಕ್ಕೆ ಹಲಗೆಯ ಪ್ರಮಾಣ ಹೆಚ್ಚು. ಸಂಜೆಯಾದರೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತಾರೆ. ಮಳೆಗಾಲದ ತೇವವೂ ಸೇರಿದರೆ ಅನಿಲ ಒಳಗೇ ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿಯಂತೆ ಮನೆಯೊಳಗೆ ಫಾರ್ಮಾಲ್ಡಿಹೈಡಿನ ಅರ್ಧ ಗಂಟೆಯ ಸರಾಸರಿ ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಮೀರಿದರೆ ಕಣ್ಣು, ಮೂಗು, ಗಂಟಲು ಉರಿಯಬಹುದು. ಅಸ್ತಮಾ ಇರುವವರಿಗೆ ಉಬ್ಬಸ ಕೆರಳಬಹುದು. ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ಸಾಕ್ಷ್ಯ ಮುಖ್ಯವಾಗಿ ವರ್ಷಗಟ್ಟಲೆ ಹೆಚ್ಚು ಅನಿಲ ಉಸಿರಾಡಿದ ಕಾರ್ಮಿಕರದು. ಮನೆಯವರು ಗಾಬರಿಪಡಬೇಕಿಲ್ಲ, ಎಚ್ಚರ ಬೇಕು. ಹೆಚ್ಚಿನ ಚಿಂತೆ ಬಡಗಿಗಳದು. ಮುಚ್ಚಿದ ಫ್ಲ್ಯಾಟಿನಲ್ಲಿ ದಿನವಿಡೀ ಪ್ಲೈ ಕೊಯ್ಯುವವರು ಅನಿಲದ ಜೊತೆ ಮರದ ಧೂಳನ್ನೂ ಸೇವಿಸುತ್ತಾರೆ. ಆ ಧೂಳೂ ಅದೇ ಮೊದಲ ಗುಂಪಿನಲ್ಲಿದೆ. ಅವರಿಗೆ ಒಳ್ಳೆಯ ಮಾಸ್ಕ್ ಕೊಡುವುದು ಕೆಲಸ ಕೊಟ್ಟವರ ಹೊಣೆ.

ಅಂಗಡಿಯಲ್ಲಿ ‘ಕಮರ್ಷಿಯಲ್’ ಎನ್ನುವ ಎಂ.ಆರ್. (ತೇವ ತಾಳುವ) ಪ್ಲೈಗೆ ಸಾಮಾನ್ಯವಾಗಿ ಯೂರಿಯಾ ಅಂಟು. ‘ಮರೀನ್’ ಅಥವಾ ‘710’ ಎನ್ನುವುದಕ್ಕೆ ಫೀನಾಲ್ ಅಂಟು. ಫೀನಾಲಿನ ಬೆಸುಗೆ ಗಟ್ಟಿ, ಅನಿಲ ಬಿಡುವುದು ತೀರಾ ಕಡಿಮೆ. ಲ್ಯಾಮಿನೇಟ್ ಅನಿಲವನ್ನು ತಡೆಯುತ್ತದೆ, ಆದರೆ ಕೊಯ್ದ ಅಂಚು, ಕೊರೆದ ತೂತು, ಕಾಣದ ಹಿಂಬದಿ ಬರಿದಾಗಿ ಉಳಿದರೆ ಅಲ್ಲಿಂದಲೇ ಅನಿಲ ಹೊರಡುತ್ತದೆ. ಕುಂಡದ ಗಿಡಗಳನ್ನು ನಂಬಿ ಕೂರುವುದು ಸಲ್ಲದು. ಮನೆಯ ಗಾಳಿ ಶುದ್ಧಿಮಾಡಲು ನಾಲ್ಕಾರು ಗಿಡ ಸಾಲದು.

ಐಎಸ್‌ಐ ಗುರುತಿನ ಜೊತೆಗೆ ‘ಇ-1’ ಅಥವಾ ಅದಕ್ಕಿಂತ ಕಡಿಮೆ ಅನಿಲದ ‘ಇ-0’ ದರ್ಜೆಯ ಪತ್ರವನ್ನು ಕೊಳ್ಳುವವರು ಬರಹದಲ್ಲೇ ಕೇಳಿ ಪಡೆಯಬೇಕು. ಎಲ್ಲ ಅಂಚಿಗೂ ಪಟ್ಟಿ ಹೊಡೆಸಿ, ಗೃಹಪ್ರವೇಶಕ್ಕೆ ಮೊದಲು ಕೆಲವು ವಾರ ಕಪಾಟು, ಕಿಟಕಿಗಳನ್ನು ತೆರೆದಿಡಬೇಕು. ಕೂಸು ಅಥವಾ ಅಸ್ತಮಾ ಇರುವವರು ಮಲಗುವ ಕೋಣೆಗೆ ಹೊಸ ಹಲಗೆಯ ಸಾಮಾನು ಕೊನೆಗೆ ಬರಲಿ.