ಸ್ನಾನದ ನೀರಿಗೆ ಬಿಸಿಲು, ಹೊಲಕ್ಕೆ ಸಗಣಿ



ವಿಜಯಪುರದ ರೈಲು ನಿಲ್ದಾಣದಲ್ಲಿ ಇಳಿದು ಸ್ಟೇಷನ್ ರಸ್ತೆ ಹಿಡಿದು ಊರೊಳಗೆ ಬರುವಾಗ ಒಮ್ಮೆ ತಲೆಯೆತ್ತಿ ನೋಡಿರಿ. ವಸತಿಗೃಹಗಳ, ದೊಡ್ಡ ಮನೆಗಳ ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿದ ಗಾಜಿನ ಪೆಟ್ಟಿಗೆಗಳೂ ಅವುಗಳ ನೆತ್ತಿಯ ಮೇಲೆ ಅಡ್ಡ ಮಲಗಿಸಿದ ಟಾಕಿಗಳೂ ಕಾಣುತ್ತವೆ. ಇವು ಬಿಸಿಲಿನಿಂದ ನೀರು ಕಾಯಿಸುವ ಸಾಧನಗಳು. ಸಂತೆಗೋ ಕಚೇರಿ ಕೆಲಸಕ್ಕೋ ಬಂದ ಟಿಕೋಟಾ, ಬಬಲೇಶ್ವರ ಭಾಗದ ರೈತರು ಇವುಗಳ ಬೆಲೆ ವಿಚಾರಿಸಿ, ಇದು ಪೇಟೆಯವರ ಬಾಬತ್ತು ಎಂದು ಕೈಬಿಡುವುದುಂಟು. ಆದರೆ ಬಿಸಿಲಿಗೆ ಪೇಟೆ, ಹಳ್ಳಿ ಎಂಬ ಭೇದವಿಲ್ಲ. ತೋಟದ ವಸ್ತಿಯಲ್ಲಿ ಅದನ್ನು ಹಿಡಿಯಲು ಜಾಗಕ್ಕೂ ಕೊರತೆಯಿಲ್ಲ. ಗಾಜು, ತಾಮ್ರ ಇಲ್ಲದೆ, ಹನಿ ನೀರಾವರಿಯ ಕರಿ ಪೈಪಿನಿಂದಲೇ ಮನೆಮಂದಿಯ ಸ್ನಾನಕ್ಕೆ ಸಾಕಾಗುವಷ್ಟು ನೀರನ್ನು ಚಳಿಗಾಲದಲ್ಲಿ ಕಾಯಿಸಿಕೊಳ್ಳಬಹುದು.

ಬೇಸಾಯಶಾಸ್ತ್ರದವನಿಗೆ ಬಚ್ಚಲಿನ ಉಸಾಬರಿ ಏಕೆಂದು ನೀವು ಕೇಳಬಹುದು. ಬಚ್ಚಲಿನ ಒಲೆಯಲ್ಲಿ ಉರಿದುಹೋಗುತ್ತಿರುವುದು ಹೊಲದ ಗೊಬ್ಬರವಾದುದರಿಂದ ಈ ಉಸಾಬರಿ.

ನೀರೊಲೆಯ ಲೆಕ್ಕ

ಐದು ಮಂದಿಯ ಮನೆಗೆ ದಿನಕ್ಕೆ 100 ಲೀಟರ್ ಬಿಸಿನೀರು ಬೇಕೆಂದು ಹಿಡಿಯೋಣ. ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರು ಚಳಿಗಾಲದಲ್ಲಿಯೂ ಬೆಚ್ಚಗಿರುವುದನ್ನು ನೀವೆಲ್ಲ ಬಲ್ಲಿರಿ. ಅದೇ ನೀರು ಟಾಕಿಯಲ್ಲಿ ರಾತ್ರಿಯೆಲ್ಲ ನಿಂತರೆ ಡಿಸೆಂಬರಿನ ಬೆಳಗಿಗೆ 22 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದು. ಮೈಗೆ ಹಿತವಾದ ಸ್ನಾನದ ನೀರು 40 ಡಿಗ್ರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಹಾಗಾದರೆ 100 ಲೀಟರನ್ನು 18 ಡಿಗ್ರಿ ಏರಿಸಲು 1800 ಕಿಲೋಕ್ಯಾಲರಿ ಬೇಕಾಯಿತು.

ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4000 ಕಿಲೋಕ್ಯಾಲರಿ ಶಾಖವಿದೆ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಹಂಡೆಯ ನೀರಿಗೆ ತಲುಪುವುದು ಅದರ ಹತ್ತರಲ್ಲೊಂದು ಪಾಲು ಮಾತ್ರ. ಉಳಿದುದೆಲ್ಲ ಹೊಗೆಯೊಡನೆ, ಗಾಳಿಯೊಡನೆ ಹೋಗುವುದು. ಆದುದರಿಂದ ದಿನಕ್ಕೆ ನಾಲ್ಕೂವರೆ ಕಿಲೋ ಕಟ್ಟಿಗೆ ಬೇಕು. ನವೆಂಬರದಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳಿಗೆ ಐದೂವರೆ ಕ್ವಿಂಟಲ್ ಆಗುವುದು. ಜಾಲಿ ಕಡಿದು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಹೊತ್ತು ಇದನ್ನು ಮನೆಗೆ ತಂದು ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಒಲೆ ಊದುವವರೂ ಅವರೇ.

ಕಟ್ಟಿಗೆ ಸಾಲದಿದ್ದರೆ ಕುಳ್ಳು. ಕುಳ್ಳಿನಲ್ಲಿ ಶಾಖ ಕಡಿಮೆ, ಕಿಲೋಕ್ಕೆ ಸುಮಾರು 2100 ಕಿಲೋಕ್ಯಾಲರಿ. ಕುಳ್ಳೊಂದನ್ನೇ ಉರಿಸಿದರೆ ದಿನಕ್ಕೆ ಎಂಟೂವರೆ ಕಿಲೋ, ನಾಲ್ಕು ತಿಂಗಳಿಗೆ ಒಂದು ಟನ್ ಹೋಗುವುದು. ಒಂದು ಟನ್ ಒಣ ಸಗಣಿ ಎಂದರೆ ಸುಮಾರು ಐದು ಟನ್ ಹಸಿ ಸಗಣಿ. ಅದರಲ್ಲಿ ಹತ್ತಿರ ಹತ್ತಿರ 12 ಕಿಲೋ ಸಾರಜನಕವಿರುತ್ತದೆ. ಯೂರಿಯಾ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಚೀಲಕ್ಕಿಂತ ಹೆಚ್ಚು. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು, ರಂಜಕವೂ ತಕ್ಕಮಟ್ಟಿಗೆ ಉಳಿಯುವುದು, ಆದರೆ ಸಾರಜನಕ ಹೊಗೆಯಾಗಿ ಹೋಗುವುದು. ಅದನ್ನಾದರೂ ಅಂಗಡಿಯಿಂದ ತರಬಹುದು. ಸಗಣಿಯ ಸಾವಯವ ಅಂಶವನ್ನು ಯಾವ ಅಂಗಡಿಯೂ ಚೀಲದಲ್ಲಿ ತುಂಬಿ ಕೊಡಲಾರದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ನಂಬಿ ಹಿಂಗಾರಿ ಜೋಳ ಬೆಳೆಯುವ ನಮ್ಮ ಎರೆಭೂಮಿಯಲ್ಲಿ, ಬಿದ್ದ ಮಳೆ ಒಳಗಿಳಿದು ತೇವ ನಿಲ್ಲುವುದಕ್ಕೆ ಈ ಸಾವಯವ ಅಂಶವೇ ಆಧಾರ. ಸಗಣಿಯಿಂದ ಉರುವಲೂ ಬೇಕು, ಗೊಬ್ಬರವೂ ಬೇಕು ಎಂಬವರು ಗೋಬರ್ ಗ್ಯಾಸ್ ಘಟಕ ಹಾಕಿಸಿಕೊಳ್ಳಬೇಕೇ ಹೊರತು ಕುಳ್ಳು ತಟ್ಟಬಾರದು.

ಸಿಲಿಂಡರಿನ ಅನಿಲದಲ್ಲಿ ಕಾಯಿಸಿದರೆ ಈ ನೀರಿಗೇ ಒಂದು ಸಿಲಿಂಡರ್ ಸುಮಾರು ಐವತ್ತು ದಿನಕ್ಕೆ ಮುಗಿಯುವುದು. ವಿದ್ಯುತ್ತಾದರೆ ದಿನಕ್ಕೆ ಎರಡು ಯೂನಿಟ್ ದಾಟುವುದು. ಅದೂ ವಿದ್ಯುತ್ ಇದ್ದಾಗ.

ಈಜುಕೊಳದವರ ಉಪಾಯ

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹಲವರು ಮನೆಯ ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸಿಕೊಂಡಿರುತ್ತಾರೆ. ಆ ಕೊಳದ ಸಾವಿರಾರು ಲೀಟರ್ ನೀರನ್ನು ಬಿಸಿಲಿನಿಂದ ಅಗ್ಗದಲ್ಲಿ ಬೆಚ್ಚಗಿಡಲು ಅವರು ಕಂಡುಕೊಂಡ ಉಪಾಯ ಬಹಳ ಸರಳ. ಛಾವಣಿಯ ಮೇಲೆ ಕರಿ ಪ್ಲಾಸ್ಟಿಕ್ ಕೊಳವೆಗಳ ಚಾಪೆ ಹಾಸಿ, ಪಂಪಿನಿಂದ ನೀರನ್ನು ಅದರಲ್ಲಿ ಹಾಯಿಸಿ ಮರಳಿ ಕೊಳಕ್ಕೆ ಬಿಡುತ್ತಾರೆ. ಮೇಲೆ ಗಾಜಿಲ್ಲ, ತಾಮ್ರವಿಲ್ಲ. ನಮ್ಮಲ್ಲಿ ಈಜಲು ಬಾವಿ ಇದೆ, ಅದನ್ನು ಕಾಯಿಸುವ ಗೊಡವೆ ಯಾರಿಗೂ ಇಲ್ಲ. ಆದರೂ ಈ ಉಪಾಯದ ಹಿಂದಿನ ತತ್ವ ನಮ್ಮ ಬಚ್ಚಲಿಗೆ ನೇರವಾಗಿ ಉಪಯೋಗವಾಗುವಂಥದು.

ಬಿಸಿಲಿಗೆ ಇಟ್ಟ ವಸ್ತು ಶಾಖ ಪಡೆಯುತ್ತಿರುವಾಗಲೇ ಸುತ್ತಲಿನ ಗಾಳಿಗೆ ಶಾಖ ಕಳೆದುಕೊಳ್ಳುತ್ತಲೂ ಇರುತ್ತದೆ. ಗಾಳಿಗಿಂತ ಅದು ಎಷ್ಟು ಹೆಚ್ಚು ಬಿಸಿಯಾಗುವುದೋ ಅಷ್ಟು ಹೆಚ್ಚು ಕಳೆದುಕೊಳ್ಳುವುದು. ನೀರನ್ನು 70–80 ಡಿಗ್ರಿಗೆ ಏರಿಸಬೇಕೆಂದರೆ ಈ ನಷ್ಟ ತಡೆಯಲು ಗಾಜಿನ ಮುಚ್ಚಳ, ತಾಮ್ರದ ಹಾಳೆ ಎಲ್ಲವೂ ಬೇಕು. ಈಜುಕೊಳಕ್ಕೆ ಬೇಕಾದುದು 26–28 ಡಿಗ್ರಿ; ಗಾಳಿಗೂ ನೀರಿಗೂ ಅಂತರ ಸ್ವಲ್ಪವೇ ಆದುದರಿಂದ ನಷ್ಟವೂ ಸ್ವಲ್ಪವೇ. ವಿಜಯಪುರದಲ್ಲಿ ಡಿಸೆಂಬರಿನಲ್ಲಿಯೂ ಮಧ್ಯಾಹ್ನದ ಗಾಳಿ 29–30 ಡಿಗ್ರಿ ಇರುತ್ತದೆ. ನಮಗೆ ಬೇಕಾದುದು 40 ಡಿಗ್ರಿ. ಆದುದರಿಂದ ಬರಿಯ ಕರಿ ಪೈಪು ನಮಗೂ ಸಾಕು.

ಈಜುಕೊಳದವರ ಇನ್ನೊಂದು ಅನುಭವ ಇದಕ್ಕಿಂತಲೂ ಮುಖ್ಯ. ಕೊಳ ಕಳೆದುಕೊಳ್ಳುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು ಆವಿಯಾಗುವುದರಿಂದಲೇ ಹೋಗುತ್ತದೆ. ಅದಕ್ಕಾಗಿ ಸಂಜೆಯಾದೊಡನೆ ಅವರು ಕೊಳದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಗಡಿಗೆಯ ನೀರು ತಣ್ಣಗಿರುವುದೂ, ಗಾಳಿಯಾಡುವ ಶೆಡ್ಡಿನಲ್ಲಿ ಹಸಿ ದ್ರಾಕ್ಷಿ ಹಾಸಿದಾಗ ಒಳಗೆ ತಂಪೆನಿಸುವುದೂ ಇದೇ ಕಾರಣದಿಂದ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ನಿಮ್ಮ 100 ಲೀಟರಿನಲ್ಲಿ ಒಂದೇ ಒಂದು ಲೀಟರ್ ಆವಿಯಾದರೆ ಉಳಿದ ನೀರು ಆರು ಡಿಗ್ರಿಯಷ್ಟು ತಣ್ಣಗಾಗುವುದು. ಹಗಲೆಲ್ಲ ಗಳಿಸಿದ 18 ಡಿಗ್ರಿಯಲ್ಲಿ ಮೂರರಲ್ಲೊಂದು ಪಾಲು ಹೋದಂತೆ. ಬ್ಯಾರಲ್ಲಿನ ಬಾಯಿ ಮುಚ್ಚದೆ ನೀರು ಕಾಯುವುದಿಲ್ಲವೆಂದು ಬಿಸಿಲನ್ನು ದೂರುವುದು ಸರಿಯಲ್ಲ.

ನೀರು ಕಾಯಿಸುವ ಪೆಟ್ಟಿಗೆಯ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. 1891ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬವರು ಕರಿ ಬಣ್ಣದ ಟಾಕಿಗಳನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ತಂದರು. ಸಂಜೆಗೆ ಬಿಸಿನೀರು ಸಿಗುತ್ತಿತ್ತು, ಬೆಳಗಾಗುವಷ್ಟರಲ್ಲಿ ತಣ್ಣಗಾಗುತ್ತಿತ್ತು. 1909ರಲ್ಲಿ ವಿಲಿಯಂ ಬೈಲಿ ಎಂಬವರು ಕಾಯಿಸುವ ಭಾಗವನ್ನೂ ಕೂಡಿಡುವ ಟಾಕಿಯನ್ನೂ ಬೇರ್ಪಡಿಸಿ, ಟಾಕಿಗೆ ಶಾಖ ಹೋಗದಂತೆ ಹೊದಿಕೆ ಹಾಕಿದರು. ಸ್ಟೇಷನ್ ರಸ್ತೆಯ ಮಾಳಿಗೆಗಳ ಮೇಲೆ ಕಾಣುವುದು ಅದರ ಸಂತತಿಯೇ. ನಾವೂ ಈ ಎರಡನ್ನು ಬೇರೆ ಬೇರೆ ಇಡೋಣ.

ಪೈಪಿನ ಸುರುಳಿ ಹೂಡುವ ಬಗೆ

ದ್ರಾಕ್ಷಿ, ದಾಳಿಂಬೆ, ಲಿಂಬೆ ತೋಟದವರಿಗೆ 16 ಮಿಲಿಮೀಟರಿನ ಕರಿ ಲ್ಯಾಟರಲ್ ಪೈಪು ಹೊಸದಲ್ಲ. ತೂತು ಹಾಕದ ಸಾದಾ ಪೈಪು 100 ಮೀಟರ್ ಬೇಕು. ಅದನ್ನು ಸುತ್ತಿಗೆ ಸುತ್ತು ತಾಗುವಂತೆ ಚಕ್ಕುಲಿಯ ಹಾಗೆ ಒಂದೇ ಪದರದಲ್ಲಿ ಸುತ್ತಿ, ಕರಿ ಬಣ್ಣ ಬಳಿದ ಹಳೆಯ ತಗಡಿನ ಮೇಲೆ ತಂತಿಯಿಂದ ಕಟ್ಟಿರಿ. ಸುಮಾರು ಐದು ಅಡಿ ಅಗಲದ ಚಕ್ರವಾಗುವುದು. ಇದರ ವಿಸ್ತೀರ್ಣ 1.6 ಚದರ ಮೀಟರ್. ಡಿಸೆಂಬರಿನ ಶುಭ್ರ ದಿನ ಇಷ್ಟು ಜಾಗದ ಮೇಲೆ ಬೀಳುವ ಬಿಸಿಲು 6000 ಕಿಲೋಕ್ಯಾಲರಿಗೆ ಕಡಿಮೆಯಿಲ್ಲ. ಮೂರರಲ್ಲೊಂದು ಪಾಲು ನೀರಿಗೆ ಸೇರಿದರೂ ನಮ್ಮ 1800 ತುಂಬಿತು.

ಸುರುಳಿಯನ್ನು ಸಮತಟ್ಟಾಗಿಯೇ ಇಡಬೇಕು. ಪೇಟೆಯ ಪೆಟ್ಟಿಗೆಗಳನ್ನು ಕಂಡು ಓರೆಯಾಗಿ ನಿಲ್ಲಿಸಿದರೆ ಪ್ರತಿ ಸುತ್ತಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುವುದು. ಗಾಳಿಯ ಹೊಡೆತ ಬಹಳವಿರುವಲ್ಲಿ ಬಯಲಿಗಿಡದೆ ಮಾಳಿಗೆಯ ಕೈಪಿಡಿ ಗೋಡೆಯ ಮರೆಯಲ್ಲಿಡುವುದು ಒಳ್ಳೆಯದು, ಆದರೆ ಹತ್ತು ಗಂಟೆಯಿಂದ ನಾಲ್ಕರವರೆಗೆ ನೆರಳು ಬೀಳಬಾರದು.

ಮೇಲೆ ನೀರಿನ ಟಾಕಿ, ಅದಕ್ಕಿಂತ ಕೆಳಗೆ ಸುರುಳಿ, ಎಲ್ಲಕ್ಕಿಂತ ಕೆಳಗೆ ಬಚ್ಚಲಿನಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಬ್ಯಾರಲ್, ಹೀಗೆ ಮೂರು ಮೆಟ್ಟಿಲಾಗಬೇಕು. ನೀರು ತನ್ನಷ್ಟಕ್ಕೆ ಇಳಿಯುವುದರಿಂದ ಪಂಪು ಬೇಡ. ಆರು ತಾಸಿನಲ್ಲಿ 100 ಲೀಟರ್ ಹಾಯಬೇಕಾದರೆ ತಾಸಿಗೆ 16–17 ಲೀಟರ್. ನಳವನ್ನು ತಿರುಗಿಸಿ ಇಷ್ಟು ಸಣ್ಣಗೆ ಬಿಡುವುದು ಕಷ್ಟ. ಆದರೆ ಈ ಕೆಲಸಕ್ಕಾಗಿಯೇ ಹುಟ್ಟಿದ ಸಾಮಾನು ನಿಮ್ಮ ತೋಟದಲ್ಲಿದೆ: ಪೈಪಿನ ತುದಿಯಲ್ಲಿ, ಬ್ಯಾರಲ್ಲಿನೊಳಗೆ, ತಾಸಿಗೆ 8 ಲೀಟರಿನ ಸಾದಾ ಡ್ರಿಪ್ಪರುಗಳನ್ನು ನಾಲ್ಕು ಕೂಡಿಸಿರಿ. ಲೆಕ್ಕಕ್ಕೆ 32 ಲೀಟರಾಯಿತಲ್ಲ ಎನ್ನಬೇಡಿರಿ. ಡ್ರಿಪ್ಪರಿನ ಮೇಲೆ ಬರೆದ ಅಳತೆ ಸುಮಾರು 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ್ದು. ಟಾಕಿಯಿಂದ ಬ್ಯಾರಲ್ಲಿಗೆ ಮೂರು ಮೀಟರ್ ಇಳಿಜಾರಿದ್ದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಬರುವುದು; ನಮಗೆ ಬೇಕಾದುದೂ ಅಷ್ಟೇ. ಒತ್ತಡ ಸರಿದೂಗಿಸುವ ಜಾತಿಯ ಡ್ರಿಪ್ಪರ್ ಇದಕ್ಕೆ ಬೇಡ. ನೀರು ಇನ್ನೂ ಬಿಸಿ ಬೇಕೆಂದರೆ ಒಂದು ಡ್ರಿಪ್ಪರ್ ತೆಗೆದು ಮುಚ್ಚಿರಿ. ಬಿಸಿ ಹೆಚ್ಚುವುದು, ನೀರು ಕಡಿಮೆಯಾಗುವುದು.

ದಿನಾಲು ಬೆಳಿಗ್ಗೆ ಪೈಪಿನ ತುದಿ ಪೂರ್ತಿ ಬಿಚ್ಚಿ ಒಂದೆರಡು ನಿಮಿಷ ಜೋರಾಗಿ ನೀರು ಹಾಯಿಸಿ ಒಳಗಿನ ಗಾಳಿ ಕಳೆಯಬೇಕು. ಹತ್ತು ಗಂಟೆಗೆ ನಳ ತೆರೆದು ನಾಲ್ಕಕ್ಕೆ ಮುಚ್ಚಬೇಕು. ಮರೆತು ರಾತ್ರಿಯೂ ಬಿಟ್ಟರೆ ಕಾದ ನೀರಿಗೆ ತಣ್ಣೀರು ಬೆರೆತು ಎಲ್ಲ ವ್ಯರ್ಥ.

ಬ್ಯಾರಲ್ಲಿನ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಒಣ ಹೊಟ್ಟು ತುಂಬಿ ಗೋಣಿತಾಟು ಸುತ್ತಿ ಬಿಗಿಯಾಗಿ ಕಟ್ಟಿರಿ. ತಳಕ್ಕೂ, ಮುಚ್ಚಳದ ಮೇಲೂ ಹಾಗೆಯೇ. ದನ ಒಲ್ಲದ ಕುಸುಬೆಯ ಹೊಟ್ಟು ಇದಕ್ಕೆ ತಕ್ಕುದು, ಜೋಳದ ಕಣಿಕೆಯನ್ನು ಇದಕ್ಕೆ ಬಳಸಿದರೆ ಎತ್ತುಗಳು ನಿಮ್ಮನ್ನು ಕ್ಷಮಿಸಲಾರವು. ಹೊಟ್ಟು ನೆನೆದರೆ ಪ್ರಯೋಜನವಿಲ್ಲ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇರಲಿ. ಹೀಗೆ ಮಾಡಿದರೆ ರಾತ್ರಿಯಿಡೀ ನಾಲ್ಕೈದು ಡಿಗ್ರಿಗಿಂತ ಹೆಚ್ಚು ಇಳಿಯದು. ಹೊಲದಿಂದ ಬಂದು ಸಂಜೆಗೇ ಮೀಯುವವರಿಗೆ ಒಲೆಯ ಮಾತೇ ಇಲ್ಲ. ಬೆಳಗಿನ ಸ್ನಾನದವರು ಆ ನೀರನ್ನು ಹಂಡೆಗೆ ಹಾಕಿ ನಾಲ್ಕು ಕಡ್ಡಿ ಉರಿಸಿದರೆ ಸಾಕು.

ನಮ್ಮ ಅನೇಕ ಕೊಳವೆಬಾವಿಗಳ ನೀರು ಗಡಸು. ಅಂಥ ನೀರನ್ನು 60 ಡಿಗ್ರಿಗೆ ಮೀರಿ ಕಾಯಿಸಿದರೆ ಸುಣ್ಣದ ಪದರು ಬೇಗ ಕಟ್ಟುವುದು. ಬೆಲೆಬಾಳುವ ಸಾಧನಗಳೂ ಕೆಲವು ವರ್ಷದಲ್ಲಿ ಕೈಕೊಡಲು ಇದೊಂದು ಕಾರಣ. 40 ಡಿಗ್ರಿಯ ಪೈಪಿನಲ್ಲಿ ಆ ಕಾಟ ಕಡಿಮೆ. ಡ್ರಿಪ್ಪರ್ ಕಟ್ಟಿಕೊಂಡರೆ ಬದಲಿಸಿದರಾಯಿತು. ಕಾದ ನೀರನ್ನು ಕುಡಿಯಲು, ಅಡಿಗೆಗೆ ಬಳಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದರಿಂದ ಎರಡು ಮೂರು ದಿನ ಕೂಡಿಡದೆ ಆಯಾ ದಿನದ್ದನ್ನು ಆಯಾ ದಿನವೇ ಖರ್ಚು ಮಾಡಿರಿ. ಹಾಲಿನ ಪಾತ್ರೆ ತೊಳೆಯಲು ಇದಕ್ಕಿಂತ ಬಹಳ ಬಿಸಿಯಾದ ನೀರು ಬೇಕು, ಅದಕ್ಕೆ ಈ ಸುರುಳಿ ಸಾಲದು.

ಮೋಡ ಮುಸುಕಿದ ದಿನಗಳಿಗೆ ಒಲೆ ಇರಲೇಬೇಕು. ಇರುವ ಒಲೆಯಾದರೂ ಉರುವಲು ಉಳಿಸುವಂಥದಾಗಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಒಳ್ಳೆಯ ಮಾದರಿ. ಮಾರ್ಚ್ ಬಂದಿತೆಂದರೆ ಟಾಕಿಯ ನೀರೇ ಸ್ನಾನಕ್ಕೆ ಬೆಚ್ಚಗಿರುವುದು. ಆಗ ಸುರುಳಿಯ ನೀರು ಪೂರ್ತಿ ಬಸಿದು, ತುದಿಗಳಿಗೆ ಬಟ್ಟೆ ತುರುಕಿ, ಇಲಿ ಕಡಿಯದಂತೆ ನೆರಳಿನಲ್ಲಿ ತೂಗುಹಾಕಿರಿ. ದೀಪಾವಳಿ ಕಳೆದ ಮೇಲೆ ಮತ್ತೆ ಮಾಳಿಗೆಗೆ ಏರಿಸಬಹುದು.